ಸಿನಿಮಾದಲ್ಲಿ ಮನಸ್ಸು ನಿಲ್ಲುತ್ತಿಲ್ಲವೇ? ಮತ್ತೆ ಕೂತು ನೋಡೋದು ಹೇಗೆ

"ಮೊದಲೆಲ್ಲ ಮ್ಯಾಟ್ನಿ ಮುಗಿಸಿ ಹಾಗೇ ಫಸ್ಟ್ ಶೋಗೂ ಕೂರ್ತಿದ್ದೆ. ಈಗ ಮನೆಯಲ್ಲೇ, ಸೋಫಾ ಮೇಲೆ ಕಾಲು ಚಾಚಿಕೊಂಡು, ಇಪ್ಪತ್ತು ನಿಮಿಷ ನೋಡೋಕೆ ಆಗ್ತಿಲ್ಲ."

ಓದುಗರಿಂದ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರು ಬೇರೆ ಬೇರೆ. ಮಂಡ್ಯದ ನಿವೃತ್ತ ಮೇಷ್ಟ್ರು, ಮೈಸೂರು ಸರಸ್ವತಿಪುರಂನ ಗೃಹಿಣಿ, ಹೂಟಗಳ್ಳಿಯಲ್ಲಿ ಶಿಫ್ಟ್ ಕೆಲಸ ಮಾಡುವ ಹುಡುಗ. ಮಾತು ಮಾತ್ರ ಒಂದೇ. ಸಿನಿಮಾ ಹಾಕುತ್ತಾರೆ. ಹತ್ತು ನಿಮಿಷಕ್ಕೆ ಫೋನ್ ಕೈಗೆ ಬರುತ್ತದೆ. ತಲೆ ಎತ್ತುವಷ್ಟರಲ್ಲಿ ಪರದೆಯ ಮೇಲೆ ಯಾರೋ ಅಳುತ್ತಿರುತ್ತಾರೆ, ಯಾಕೆ ಅಂತ ಗೊತ್ತಿಲ್ಲ. ಸ್ವಲ್ಪ ಓಡಿಸಿ, ಇನ್ನೊಂದು ಹಾಕಿ, ಕೊನೆಗೆ ಎರಡನ್ನೂ ಬಿಟ್ಟು ಮಲಗುತ್ತಾರೆ. "ನನಗೇ ಏನಾದ್ರೂ ಆಗಿದೆಯಾ?" ಎಂದು ಕೇಳುತ್ತಾರೆ. ಎಲ್ಲರಿಗೂ ಸೇರಿ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಲ್ಲಿ ನೋಡುವ ಶಕ್ತಿ ಎಲ್ಲೂ ಹೋಗಿರುವುದಿಲ್ಲ. ಒಂದು ಚೂರು ಬೇಜಾರಾದ ಕೂಡಲೇ ಬೇರೆ ಕಡೆ ಹಾರುವುದು ಕೈಗೆ ರೂಢಿಯಾಗಿರುತ್ತದೆ. ಈ ರೂಢಿಯನ್ನು ಬಿಡಿಸಬಹುದು. ನಾಲ್ಕರಿಂದ ಆರು ವಾರ ಮನಸ್ಸಿಟ್ಟು ಮಾಡಬೇಕು, ಅಷ್ಟೇ.

ಏನಾಗುತ್ತಿದೆ ಅಂತ ಸ್ವಲ್ಪ ತಿಳಿದುಕೊಳ್ಳಿ

ಮನಶ್ಶಾಸ್ತ್ರದಲ್ಲಿ "ನ್ಯಾರೇಟಿವ್ ಟ್ರಾನ್ಸ್‌ಪೋರ್ಟೇಶನ್" ಎಂಬ ಮಾತಿದೆ. ಕಥೆ ನಮ್ಮನ್ನು ಎತ್ತಿಕೊಂಡು ಹೋಗುವುದು ಅಂತ ಅರ್ಥ. ಮೆಲನಿ ಗ್ರೀನ್ ಮತ್ತು ತಿಮೋತಿ ಬ್ರಾಕ್ ಎಂಬ ಸಂಶೋಧಕರು 2000ದಲ್ಲಿ ಇದನ್ನು ಅಳೆಯುವ ಒಂದು ಪ್ರಶ್ನಾವಳಿಯನ್ನೇ ಮಾಡಿದರು. ಗಮನ, ಭಾವನೆ, ಮನಸ್ಸಿನಲ್ಲಿ ಮೂಡುವ ಚಿತ್ರ, ಇವು ಮೂರೂ ಒಂದೇ ಕಡೆ ಸೇರಿದಾಗ ನಾವು ಮೈಮರೆಯುತ್ತೇವೆ. ಒಂದು ಕಿತ್ತುಕೊಂಡರೂ ಉಳಿದೆರಡು ಸಡಿಲವಾಗುತ್ತವೆ.

ಗಮನ ಕಿತ್ತುಹೋಗುವುದು ಜಾಸ್ತಿಯಾಗಿರುವುದು ನಿಮ್ಮೊಬ್ಬರಲ್ಲೇ ಅಲ್ಲ. ಅಮೆರಿಕದ ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ, ಕಂಪ್ಯೂಟರ್ ಮುಂದೆ ಕೆಲಸ ಮಾಡುವವರು ಒಂದು ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ವರ್ಷಗಟ್ಟಲೆ ಅಳೆದಿದ್ದಾರೆ. 2004ರಲ್ಲಿ ಸರಾಸರಿ ಎರಡೂವರೆ ನಿಮಿಷ ಇತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಸುಮಾರು 47 ಸೆಕೆಂಡಿಗೆ ಇಳಿದಿದೆ.

ಇದಕ್ಕಿಂತ ನಮಗೆ ಉಪಯೋಗಕ್ಕೆ ಬರುವುದು 2024ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನ. ಒಂದು ಸಲ ಹತ್ತು ನಿಮಿಷದ ಒಂದೇ ವಿಡಿಯೊ ತೋರಿಸಿದರು. ಇನ್ನೊಂದು ಸಲ, ಅಷ್ಟೇ ಹೊತ್ತು, ಹಲವು ವಿಡಿಯೊಗಳ ನಡುವೆ ಬೇಕಾದ ಹಾಗೆ ಹಾರಲು ಬಿಟ್ಟರು. ಹಾರಿದರೆ ಬೇಜಾರು ಕಡಿಮೆಯಾಗುತ್ತದೆ ಎಂದು ಜನ ಅಂದುಕೊಂಡಿದ್ದರು. ಆಗಿದ್ದು ಉಲ್ಟಾ. ಹಾರಿದಾಗಲೇ ಬೇಜಾರು ಹೆಚ್ಚಾಯಿತು, ತೃಪ್ತಿ ಕಡಿಮೆಯಾಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಏನೇನು ಬೇಕು

ಒಂದು ಹಳೆ ನೋಟ್‌ಬುಕ್, ಒಂದು ಪೆನ್ನು. ಗೋಡೆ ಗಡಿಯಾರ ಅಥವಾ ಟೇಬಲ್ ಗಡಿಯಾರ. ಗಡಿಯಾರ ಮರೆಯಬೇಡಿ. ಟೈಮ್ ನೋಡೋಣ ಅಂತ ಫೋನ್ ತೆಗೆದರೆ ಟೈಮ್ ಮಾತ್ರ ನೋಡಿ ಇಡೋದಿಲ್ಲ ಅಲ್ವಾ? ವಾರಕ್ಕೆ ಮೂರು ಸಂಜೆ, ಮೊದಲೆರಡು ವಾರ ಒಂದೊಂದರಲ್ಲಿ ಒಂದೂವರೆ ಗಂಟೆ, ಆಮೇಲೆ ಪೂರ್ತಿ ಸಿನಿಮಾ ಮುಗಿಯುವಷ್ಟು ಹೊತ್ತು. ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ.

1. ಅಭ್ಯಾಸವೋ, ಅನಾರೋಗ್ಯವೋ?

ಈ ಹಂತವನ್ನು ದಯವಿಟ್ಟು ಬಿಡಬೇಡಿ.

ಸಿನಿಮಾ ಒಂದೇ ರುಚಿಸುತ್ತಿಲ್ಲವೋ, ಅಥವಾ ಇಷ್ಟದ ಊಟ, ಸ್ನೇಹಿತರ ಜತೆ ಹರಟೆ, ಹಾಡು, ಮೊಮ್ಮಕ್ಕಳ ಆಟ ಯಾವುದೂ ಬೇಡ ಅನ್ನಿಸುತ್ತಿದೆಯೋ? ಎರಡು ವಾರಕ್ಕಿಂತ ಜಾಸ್ತಿ ದಿನ ಹೀಗೇ ಇದ್ದರೆ, ಜತೆಗೆ ನಿದ್ದೆ ಕೆಟ್ಟಿದ್ದರೆ ಅಥವಾ ಹಸಿವು ಹೋಗಿದ್ದರೆ, ಇದು ಫೋನಿನ ಸಮಸ್ಯೆ ಅಲ್ಲದಿರಬಹುದು. ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಕೊಡದಿರುವುದಕ್ಕೆ ವೈದ್ಯರು ಆನ್‌ಹೆಡೋನಿಯಾ ಎನ್ನುತ್ತಾರೆ. ಖಿನ್ನತೆಯ ಮುಖ್ಯ ಲಕ್ಷಣಗಳಲ್ಲಿ ಅದೂ ಒಂದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಹೋಗಲು ಹಿಂಜರಿಕೆ ಆದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಫೋನ್ ಮಾಡಿ. ಉಚಿತ. ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು.

ಥೈರಾಯ್ಡ್ ಏರುಪೇರು, ರಕ್ತಹೀನತೆ, ಮಂಪರು ತರಿಸುವ ಕೆಲವು ಮಾತ್ರೆಗಳು ಕೂಡ ಗಮನವನ್ನು ಕೆಡಿಸುತ್ತವೆ. ವಯಸ್ಸಾದವರು ಸಿನಿಮಾದ ಪಾತ್ರಗಳನ್ನು ಮಾತ್ರವಲ್ಲ, ಗ್ಯಾಸ್ ಆರಿಸುವುದನ್ನು, ದಿನಾ ಹೋಗುವ ದಾರಿಯನ್ನು ಮರೆಯುತ್ತಿದ್ದರೆ ತಡಮಾಡದೆ ತೋರಿಸಿ.

ಮನೆಯಲ್ಲಿ ಸಾವಾಗಿದ್ದರೆ ಮಾತು ಬೇರೆ. ದುಃಖದಲ್ಲಿರುವ ಮನಸ್ಸು ತಿಂಗಳುಗಟ್ಟಲೆ ಕಥೆಗೆ ಇಳಿಯದೆ ಇರಬಹುದು. ಅದಕ್ಕೆ ಈ ಲೇಖನದ ಅಗತ್ಯವಿಲ್ಲ, ಸಮಯ ಬೇಕು.

2. ಕಣ್ಣು, ಕಿವಿ, ನಿದ್ದೆ

ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕುವವರು ಮಲಗಿಕೊಂಡು ಟಿವಿ ನೋಡಿದರೆ, ಗಾಜಿನ ಕೆಳಭಾಗದಿಂದ ನೋಡಿದಂತಾಗುತ್ತದೆ. ಆ ಭಾಗ ಇರುವುದು ಪೇಪರ್ ಓದೋಕೆ. ಹಾಗಾಗಿ ಟಿವಿ ಸದಾ ಸ್ವಲ್ಪ ಮಂಜು. ಕಣ್ಣು ದಣಿಯುತ್ತದೆ, ನಾವು "ಸಿನಿಮಾ ಬೋರು" ಅನ್ನುತ್ತೇವೆ. ಕುರ್ಚಿಯಲ್ಲಿ ನೆಟ್ಟಗೆ ಕೂತು ನೋಡಿ, ವ್ಯತ್ಯಾಸ ಅವತ್ತೇ ಗೊತ್ತಾಗುತ್ತದೆ.

"ಮಾತು ಕೇಳಿಸುತ್ತೆ, ಆದ್ರೆ ಏನಂದ್ರು ಅಂತ ಗೊತ್ತಾಗಲ್ಲ" ಎನ್ನುವವರು ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ. ವಯಸ್ಸಾದಂತೆ ಕಿವಿ ಮಂದವಾಗುವುದು ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ಮೈಸೂರು, ಮಂಡ್ಯದವರಿಗೆ ದೂರ ಹೋಗುವ ತೊಂದರೆಯೂ ಇಲ್ಲ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ನಾವೆಲ್ಲ ಆಯಿಷ್ ಎನ್ನುವ ಜಾಗ, ಇಲ್ಲೇ ಇದೆ.

ರಾತ್ರಿ ಹತ್ತೂವರೆಗೆ ಸಿನಿಮಾ ಹಾಕಿ ನಿದ್ದೆ ಬಂತು ಅಂದರೆ ಅದು ನಿದ್ದೆ, ಬೇರೇನೂ ಅಲ್ಲ. ಏಳು ಗಂಟೆಗೆ ಶುರುಮಾಡಿ.

3. ಒಂದು ವಾರ ಗೆರೆ ಎಳೆಯಿರಿ

ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ಎಂದಿನಂತೆ ನೋಡಿ. ಕೈ ಫೋನಿಗೋ ರಿಮೋಟಿಗೋ ಹೋದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಟೈಮ್ ಮತ್ತು ಕಾರಣ ಬರೆಯಿರಿ. ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿತ್ತು:

7:10 ಶುರು.
7:19 ಫೋನ್. ತಂಗಿ ಮೆಸೇಜ್ ಮಾಡಿದ್ಲಾ ಅಂತ.
7:24 ಫೋನ್. ಸುಮ್ನೆ.
7:25 ಫೋನ್. ಸುಮ್ನೆ.
7:38 ಈ ನಟ ಯಾರು ಅಂತ ಹುಡುಕಿದ್ದು. ವಾಪಸ್ ಬಂದಿದ್ದು 7:51ಕ್ಕೆ.
7:56 ಹಾಡು ಓಡಿಸಿದೆ.
8:02 ಫೋನ್. ಸುಮ್ನೆ.

ನಿಮ್ಮ ಪುಟದಲ್ಲೂ "ಸುಮ್ನೆ"ಗಳೇ ಜಾಸ್ತಿ ಇರುತ್ತವೆ. ಕಥೆ ಬೇಜಾರಾಗಿ ಎದ್ದದ್ದಲ್ಲ ಅದು, ಕೈ ತಾನಾಗಿಯೇ ಹೋದದ್ದು. ಜತೆಗೆ ನಿಮ್ಮದೇ ಒಂದು ವರಸೆ ಕಾಣುತ್ತದೆ. ಕೆಲವರು ಹಾಡು ಬಂದ ಕೂಡಲೇ, ಕೆಲವರು ಮಾತಿಲ್ಲದ ದೃಶ್ಯದಲ್ಲಿ, ಇನ್ನು ಕೆಲವರು ಕಣ್ಣಲ್ಲಿ ನೀರು ಬರುವ ಹೊತ್ತಿಗೆ ಸರಿಯಾಗಿ ಫೋನ್ ಹಿಡಿಯುತ್ತಾರೆ. ಈ ಕೊನೆಯ ಗುಂಪಿನವರಿಗೆ ಒಂದು ಮಾತು: ನೀವು ತಪ್ಪಿಸಿಕೊಳ್ಳುತ್ತಿರುವುದು ಬೇಜಾರಿನಿಂದಲ್ಲ, ಅಳುವಿನಿಂದ. ಅಳು ಬಂದರೆ ಬರಲಿ ಬಿಡಿ.

ಇಲ್ಲಿ ಆಗುವ ತಪ್ಪು: ಗೆರೆ ಜಾಸ್ತಿಯಾದರೆ ನಾಚಿಕೆಪಟ್ಟು ಎಳೆಯದೆ ಬಿಡುವುದು. ಯಾರಿಗೂ ತೋರಿಸಬೇಕಿಲ್ಲ. ಇದ್ದದ್ದು ಇದ್ದಹಾಗೆ ಬರೆಯಿರಿ.

4. ಫೋನ್ ಇನ್ನೊಂದು ಕೋಣೆಗೆ

ಮಗುಚಿ ಇಟ್ಟರೆ, ಸೈಲೆಂಟ್ ಮಾಡಿದರೆ ಸಾಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟವರಿಗಿಂತ, ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಗಮನ ಬೇಡುವ ಪರೀಕ್ಷೆಗಳನ್ನು ಚೆನ್ನಾಗಿ ಮಾಡಿದರು. ಆಮೇಲೆ ನಡೆದ ಎಲ್ಲ ಪ್ರಯೋಗಗಳಲ್ಲೂ ಇದೇ ಫಲಿತಾಂಶ ಬಂದಿಲ್ಲ, ಅದನ್ನೂ ಹೇಳಬೇಕು. ಆದರೂ ನಮ್ಮ ಕೆಲಸಕ್ಕೆ ಇದರಲ್ಲಿ ಲಾಭವೇ. ಕೈಗೆ ಸಿಗದ ವಸ್ತುವನ್ನು ಕೈ ಸುಮ್ನೆ ತಗೊಳ್ಳೋದಿಲ್ಲ.

ಅಡುಗೆಮನೆಯ ಷೆಲ್ಫ್ ಒಳ್ಳೆ ಜಾಗ. ಚಾರ್ಜಿಗೆ ಹಾಕಿ ಬನ್ನಿ. ರಿಂಗ್ ಆನ್ ಇರಲಿ, ಜೋರಾಗಿಯೇ ಇರಲಿ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವರಿಗೆ "ಕಾಲ್ ಬಂದರೆ ಗೊತ್ತಾಗಲ್ಲವಲ್ಲ" ಎಂಬ ಆತಂಕವೇ ಗಮನ ಕೆಡಿಸುತ್ತದೆ. ಫೋನಿನಲ್ಲಿ ಡು ನಾಟ್ ಡಿಸ್ಟರ್ಬ್ ಎಂಬ ಸೌಲಭ್ಯ ಇದೆ. ಅದರಲ್ಲಿ ಮನೆಯವರ ಕರೆ ಮಾತ್ರ ಬರುವಂತೆ, ಉಳಿದ ಮೆಸೇಜುಗಳ ಸದ್ದು ಬರದಂತೆ ಮಾಡಿಕೊಳ್ಳಬಹುದು.

ಮೊದಲ ಮೂರ್ನಾಲ್ಕು ಸಂಜೆ ಕೈ ದಿಂಬಿನ ಪಕ್ಕ ತಡಕುತ್ತದೆ. ಏನೂ ಇಲ್ಲ ಅಂತ ಗೊತ್ತಿದ್ದೂ ತಡಕುತ್ತದೆ. ಹೆದರಬೇಡಿ. ಅದಕ್ಕೇ ಮುಂದಿನ ಹಂತ.

5. ಕೈಗೆ ಕೆಲಸ, ತಲೆಗೆ ಬಿಡುವು

ನಮ್ಮ ಕಡೆ ಹಿರಿಯರು ಟಿವಿ ಮುಂದೆ ಬರಿಗೈಲಿ ಕೂತದ್ದು ಕಡಿಮೆ. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಅಕ್ಕಿ ಆರಿಸುವುದು. ಹೆಬ್ಬೆರಳು ಸಿಪ್ಪೆ ಸೀಳುತ್ತದೆ, ಕಾಳು ಪಾತ್ರೆಗೆ ಬೀಳುತ್ತದೆ, ಕಣ್ಣು ಟಿವಿ ಬಿಟ್ಟು ಅಲ್ಲಾಡುವುದಿಲ್ಲ. ಮಲ್ಲಿಗೆ ಕಟ್ಟುವವರನ್ನು ನೋಡಿ. ನಾಲ್ಕು ಮೊಗ್ಗು, ಒಂದು ಗಂಟು, ದಾರದ ಕಡೆ ತಿರುಗಿಯೂ ನೋಡುವುದಿಲ್ಲ.

ಇದು ಕೆಲಸ ಮಾಡುವುದಕ್ಕೆ ಕಾರಣ ಇದೆ. ಇವಕ್ಕೆ ಮಾತಿನ ಅಗತ್ಯವಿಲ್ಲ. ಫೋನಿನಲ್ಲಿ ಓದುವುದಕ್ಕೂ ಸಿನಿಮಾದ ಮಾತು ಕೇಳುವುದಕ್ಕೂ ತಲೆಯಲ್ಲಿ ಬೇಕಾಗುವುದು ಭಾಷೆಯೇ. ಎರಡೂ ಒಟ್ಟಿಗೆ ನಡೆಯುವುದಿಲ್ಲ. ಕಾಳು ಸುಲಿಯುವುದಕ್ಕೆ ಭಾಷೆ ಬೇಡ. ಬಟ್ಟೆ ಮಡಿಸಿ, ಬೆಳ್ಳುಳ್ಳಿ ಬಿಡಿಸಿ, ಸ್ವೆಟರ್ ಹೆಣೆಯಿರಿ. ಆದರೆ ಲೆಕ್ಕ ಬರೆಯುವುದು, ಮಕ್ಕಳ ಹೋಂವರ್ಕ್ ತಿದ್ದುವುದು ಬೇಡ.

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ರಾತ್ರಿಯಿಡೀ ನಡೆಯುವುದನ್ನು ನೀವು ನೋಡಿರಬಹುದು. ಜನ ಕಣ್ಣು ಮಿಟುಕಿಸದೆ ಕೂತಿರುವುದಿಲ್ಲ. ಮಧ್ಯೆ ಎದ್ದು ಟೀ ಕುಡಿಯುತ್ತಾರೆ, ಮಗುವನ್ನು ಮಲಗಿಸುತ್ತಾರೆ, ಸ್ವಲ್ಪ ತೂಕಡಿಸುತ್ತಾರೆ. ಆದರೂ ಬೆಳಗಿನ ಜಾವ ಗದಾಯುದ್ಧ ಬರುವ ಹೊತ್ತಿಗೆ ಎಲ್ಲರೂ ನಾಟಕದೊಳಗೇ ಇರುತ್ತಾರೆ. ಯಾಕೆಂದರೆ ಎದ್ದು ಹೋದವರು ಇನ್ನೊಂದು ಕಥೆಗೆ ಹೋಗಲಿಲ್ಲ. ನಿಮಗೂ ನಾನು ಹೇಳುವ ಒಂದೇ ಕಟ್ಟುನಿಟ್ಟಿನ ನಿಯಮ ಇದು: ಬೇಕಾದರೆ ಎದ್ದು ನೀರು ಕುಡಿದು ಬನ್ನಿ, ಬಾಲ್ಕನಿಯಲ್ಲಿ ನಿಂತು ಬನ್ನಿ. ಇನ್ನೊಂದು ಕಥೆಗೆ ಮಾತ್ರ ಹೋಗಬೇಡಿ. ರೀಲ್ಸ್ ಅಂದರೆ ನಿಮಿಷಕ್ಕೆ ಮೂರು ನಾಲ್ಕು ಕಥೆ.

6. ಟಿವಿಯನ್ನು ಸರಿಮಾಡಿ

ಈಗಿನ ಟಿವಿಗಳಲ್ಲಿ ಮೋಶನ್ ಸ್ಮೂದಿಂಗ್ ಎಂಬುದು ಮೊದಲೇ ಆನ್ ಆಗಿರುವುದು ಉಂಟು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಇರುತ್ತವೆ. ಟಿವಿ ತಾನೇ ನಡುವೆ ಚಿತ್ರಗಳನ್ನು ಸೇರಿಸಿ ಚಲನೆಯನ್ನು ನುಣುಪು ಮಾಡುತ್ತದೆ. ಕ್ರಿಕೆಟ್‌ಗೆ ಪರವಾಗಿಲ್ಲ. ಸಿನಿಮಾ ಮಾತ್ರ ಧಾರಾವಾಹಿಯ ಶೂಟಿಂಗ್ ನೋಡಿದ ಹಾಗೆ ಕಾಣುತ್ತದೆ, ನಂಬಿಕೆ ಹುಟ್ಟುವುದಿಲ್ಲ. ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ. ಸಿನಿಮಾ ಮೋಡ್ ಅಥವಾ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಆರಿಸಿದರೆ ಸಾಕು.

ಓಟಿಟಿಯಲ್ಲಿ ಆಟೋಪ್ಲೇ ತೆಗೆಯಿರಿ. ಮುಂದಿನ ಎಪಿಸೋಡ್ ತಾನಾಗಿಯೇ ಶುರುವಾಗುವುದಕ್ಕೆ ಆಟೋಪ್ಲೇ ಅನ್ನುತ್ತಾರೆ. ವೇಗ ಒಂದರಲ್ಲೇ ಇರಲಿ. ಒಂದೂವರೆ ಪಟ್ಟು ಓಡಿಸಿದರೆ ಕಥೆ ಗೊತ್ತಾಗುತ್ತದೆ, ನಿಜ. ಆದರೆ ನಟನೆಯ ಅರ್ಧ ಭಾಗ ಇರುವುದು ಮಾತಿನ ಮಧ್ಯದ ಮೌನದಲ್ಲಿ.

ಮಾತು ಮೆತ್ತಗೆ, ಫೈಟು ಜೋರು ಎನ್ನುವ ತೊಂದರೆ ಇದ್ದರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಕ್ಲಿಯರ್ ವಾಯ್ಸ್, ನೈಟ್ ಮೋಡ್ ಎಂಬಂಥ ಆಯ್ಕೆಗಳನ್ನು ಹುಡುಕಿ. ಕನ್ನಡ ಸಿನಿಮಾಕ್ಕೂ ಸಬ್‌ಟೈಟಲ್ ಹಾಕಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

7. ಸಿನಿಮಾವನ್ನು ಬೆಳಿಗ್ಗೆಯೇ ಆರಿಸಿ

ಸಂಜೆ ಟಿವಿ ಹಾಕಿಕೊಂಡು "ಏನು ನೋಡೋಣ" ಅಂತ ಹುಡುಕಲು ಕೂತರೆ ಮುಕ್ಕಾಲು ಗಂಟೆ ಅದರಲ್ಲೇ ಹೋಗುತ್ತದೆ. ಆ ಹುಡುಕಾಟವೂ ಒಂದು ಬಗೆಯ ಹಾರಾಟವೇ. ಬೆಳಿಗ್ಗೆ ಕಾಫಿ ಕುಡಿಯುವಾಗ ಒಂದು ಹೆಸರು ಚೀಟಿಯಲ್ಲಿ ಬರೆದು ಟಿವಿಗೆ ಅಂಟಿಸಿ. ಸಂಜೆ ಅದೇ ಸಿನಿಮಾ.

ಗೆರೆ ಎಳೆಯುವ ವಾರ ಮುಗಿದ ಮೇಲೆ, ಎರಡನೇ ವಾರ, ನೀವು ಹಿಂದೆ ನೋಡಿ ಇಷ್ಟಪಟ್ಟದ್ದನ್ನೇ ಆರಿಸಿ. ಕಥೆ ಗೊತ್ತಿರುವುದರಿಂದ ಹಿಡಿಯಲು ಕಷ್ಟವಿಲ್ಲ, ಮನಸ್ಸು ಹಳೆ ದಾರಿಯಲ್ಲಿ ತಾನೇ ಇಳಿಯುತ್ತದೆ. ಆಮೇಲೆ ಹೊಸದು, ಅದೂ ಕನ್ನಡದಲ್ಲಿ. ಬೇರೆ ಭಾಷೆಯ ಸಿನಿಮಾಗಳಿಗೆ ಅದಾದ ಮೇಲೆ ಬನ್ನಿ.

ಹಲವರು ಇಲ್ಲಿ ಎಡವುತ್ತಾರೆ. ಪ್ರಶಸ್ತಿ ಬಂದ ನಿಧಾನದ ಸಿನಿಮಾದಿಂದಲೇ ಶುರುಮಾಡಿ, ಸೋತು, "ನನ್ನಿಂದಾಗಲ್ಲ" ಅನ್ನುತ್ತಾರೆ. ಅಂಥ ಸಿನಿಮಾಗಳು ನನಗೂ ಪ್ರಾಣ. ಅವುಗಳನ್ನು ಆರನೇ ವಾರಕ್ಕೆ ಇಟ್ಟುಕೊಳ್ಳಿ. ಹತ್ತು ಸೀಸನ್‌ಗಳ ಸೀರೀಸ್ ಕೂಡ ಈಗ ಬೇಡ. ಅದರಲ್ಲಿ ಮುಗಿಸಿದ ಸಮಾಧಾನ ಸಿಗುವುದಿಲ್ಲ. ನಿಮಗೆ ಈಗ ಬೇಕಿರುವುದೇ ಅದು.

8. ಇಂಟರ್ವಲ್ ತನಕ

ನಮ್ಮ ಸಿನಿಮಾಗಳಿಗೆ ಇಂಟರ್ವಲ್ ಇರುವುದು ನಮ್ಮ ಭಾಗ್ಯ. ಅದು ಬರೇ ಪಾಪ್‌ಕಾರ್ನ್ ಬಿಡುವಲ್ಲ, ಕಥೆ ಕಟ್ಟುವವರು ಯೋಚಿಸಿ ಇಟ್ಟ ನಿಲ್ದಾಣ. ಅದನ್ನು ಬಳಸಿಕೊಳ್ಳಿ.

ಎರಡನೇ ವಾರ: ಇವತ್ತು ಇಂಟರ್ವಲ್ ತನಕ, ನಾಳೆ ಉಳಿದದ್ದು. ಮಧ್ಯದಲ್ಲಿ ಬೇರೆ ಯಾವ ಸಿನಿಮಾವೂ ಬೇಡ. ಮರುದಿನ ಪಾತ್ರೆ ತೊಳೆಯುವಾಗ "ಅವನು ಯಾಕೆ ಹಾಗಂದ" ಅಂತ ಒಂದು ಸಲ ಅನ್ನಿಸಿದರೂ ಸಾಕು, ಕಥೆ ಹಿಡಿದಿದೆ ಅಂತ ಅರ್ಥ.
ಮೂರನೇ ವಾರ: ಒಂದೇ ಸಂಜೆಯಲ್ಲಿ ಎರಡೂ ಭಾಗ, ನಡುವೆ ಹದಿನೈದು ನಿಮಿಷ ಬಿಡುವು. ಬಿಡುವಿನಲ್ಲಿ ಕಾಫಿ, ಫೋನ್ ಅಲ್ಲ.
ನಾಲ್ಕನೇ ವಾರ: ಬಿಡುವು ಐದು ನಿಮಿಷಕ್ಕೆ ಇಳಿಯಲಿ.

ಕಷ್ಟ ಇರುವುದು ಮೊದಲ ಇಪ್ಪತ್ತು ನಿಮಿಷದಲ್ಲಿ. ಪಾತ್ರಗಳ ಪರಿಚಯ ಆಗುತ್ತಿರುತ್ತದೆ, ನಿಮಗೆ ಇನ್ನೂ ಯಾರ ಮೇಲೂ ಅಕ್ಕರೆ ಹುಟ್ಟಿರುವುದಿಲ್ಲ. ಕಾಲು ಅಲ್ಲಾಡುತ್ತದೆ, ಹಸಿವಾದಂತೆ ಅನ್ನಿಸುತ್ತದೆ, ನಾಳೆ ಕಟ್ಟಬೇಕಾದ ಕರೆಂಟ್ ಬಿಲ್ ನೆನಪಾಗುತ್ತದೆ. ನೋಟ್‌ಬುಕ್ಕಿನಲ್ಲಿ "ಬಿಲ್" ಅಂತ ಬರೆದು ಬಿಡಿ, ತಲೆ ಅದನ್ನು ಕೆಳಗಿಳಿಸುತ್ತದೆ. ಗಡಿಯಾರ ನೋಡಿ ಅರ್ಧ ಗಂಟೆ ದಾಟಿಸಿ. ಅಷ್ಟಾದ ಮೇಲೂ ಬೇಡ ಅನ್ನಿಸಿದರೆ ಸಿನಿಮಾ ಚೆನ್ನಾಗಿಲ್ಲದಿರಬಹುದು, ನಿಲ್ಲಿಸಿ. ಅವತ್ತು ಇನ್ನೊಂದನ್ನು ಮಾತ್ರ ಹಾಕಬೇಡಿ.

ನೋಡಲು ಕೂರುವ ಮೊದಲಿನ ಒಂದು ಗಂಟೆಯೂ ಮುಖ್ಯ. ರೀಲ್ಸ್ ನೋಡುತ್ತಿದ್ದವರು ಸೀದಾ ಸಿನಿಮಾಕ್ಕೆ ಬಂದರೆ ಸಿನಿಮಾ ಆಮೆ ನಡೆದಂತೆ ಕಾಣುತ್ತದೆ. ಮೈಸೂರಿನವರು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ ಬನ್ನಿ, ಇಯರ್‌ಫೋನ್ ಇಲ್ಲದೆ. ಮಂಡ್ಯದವರು ಹತ್ತಿರದ ಪಾರ್ಕಿಗೋ ಗದ್ದೆ ಬದುವಿಗೋ ಹೋಗಿ.

ಟಿವಿ ಮುಂದೆ ಕೂರುವುದೇ ಆಗದವರು ಕಿವಿಯಿಂದ ಶುರುಮಾಡಬಹುದು. 1935ರಲ್ಲಿ ಮೈಸೂರಿನ ಮನೆಯೊಂದರಲ್ಲಿ ಆಕಾಶವಾಣಿ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮನಸ್ಸು ಓದಿದವರು ಊರಿಗೆ ಕೇಳಿಸಿಕೊಳ್ಳುವ ಸುಖ ಕೊಟ್ಟರು ಅನ್ನುವುದು ನನಗೆ ಯಾವಾಗಲೂ ಹಿತ ಕೊಡುವ ವಿಷಯ. ಅರ್ಧ ಗಂಟೆಯ ರೇಡಿಯೊ ನಾಟಕವೊಂದನ್ನು ದೀಪ ಆರಿಸಿ ಕೇಳಿ. ಚಿತ್ರ ನೀವೇ ಕಟ್ಟಿಕೊಳ್ಳಬೇಕಾಗುತ್ತದೆ, ಹಾಗಾಗಿ ಮನಸ್ಸಿಗೆ ಅಡ್ಡಾಡಲು ಪುರುಸೊತ್ತು ಇರುವುದಿಲ್ಲ.

9. ಹೊರಗೆ ಹೋಗಿ ನೋಡಿ

ಐದನೇ ವಾರ ಥಿಯೇಟರಿಗೆ ಹೋಗಿ. ಮೈಸೂರಿನಲ್ಲಿ ಹಳೆಯ ಥಿಯೇಟರುಗಳು ಒಂದೊಂದಾಗಿ ಬಾಗಿಲು ಹಾಕಿದವು. ಶಾಂತಲಾ 2020ರಲ್ಲಿ ಮುಚ್ಚಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಉಳಿದಿರುವುದಕ್ಕೆ ಹೋಗಿ, ಇಲ್ಲವೇ ಮಾಲ್‌ಗೆ ಹೋಗಿ. ದುಡ್ಡು ಕೊಟ್ಟಿದ್ದೀರಿ, ಕತ್ತಲಿದೆ, ಓಡಿಸೋಕೆ ಬಟನ್ ಇಲ್ಲ, ಪಕ್ಕದವರು ನಗುತ್ತಿದ್ದಾರೆ. ಅರ್ಧ ಕೆಲಸ ಥಿಯೇಟರೇ ಮಾಡುತ್ತದೆ. ಫೋನ್ ಮಾತ್ರ ಪೂರ್ತಿ ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿ.

ನಾಟಕ ಇನ್ನೂ ಒಳ್ಳೆಯದು. ಬಿ.ವಿ. ಕಾರಂತರು ಕಟ್ಟಿದ ರಂಗಾಯಣ ನಮ್ಮೂರಲ್ಲೇ ಇದೆ. ಅದರ ಭೂಮಿಗೀತ ರಂಗಮಂದಿರದಲ್ಲಿ ವಾರದ ಕೊನೆಗೆ ಆಗಾಗ ನಾಟಕ ಇರುತ್ತದೆ. ಅಲ್ಲಿ ನಟರು ಕೈಗೆಟಕುವಷ್ಟು ಹತ್ತಿರ. ಎದುರಿಗೆ ಒಬ್ಬರು ಬೆವರಿಳಿಸಿ ಮಾತಾಡುತ್ತಿರುವಾಗ ಫೋನ್ ತೆಗೆಯಲು ಕೈಯೇ ಬರುವುದಿಲ್ಲ.

10. ನೋಡಿದ್ದನ್ನು ಯಾರಿಗಾದರೂ ಹೇಳಿ

ಮರುದಿನ ಮನೆಯಲ್ಲಿ, ವಾಕಿಂಗ್‌ನಲ್ಲಿ, ಬಸ್ಸಿನಲ್ಲಿ. ವಿಮರ್ಶೆ ಬೇಡ, ಕಥೆ ಹೇಳಿ. ಹೇಳಬೇಕು ಅಂತಿದ್ದರೆ ನೋಡುವಾಗಲೇ ಹೆಚ್ಚು ಹಿಡಿಯುತ್ತೀರಿ.

ಮತ್ತೆ ಜಾರಿದರೆ

ಜಾರುತ್ತೀರಿ. ಮಕ್ಕಳ ಪರೀಕ್ಷೆ, ಮದುವೆ ಸೀಸನ್, ಆಫೀಸಿನ ವರ್ಷದ ಕೊನೆ, ಆಗ ರಾತ್ರಿ ಸುಸ್ತಾಗಿ ಬಂದು ಫೋನ್ ಹಿಡಿಯುವುದು ಸಹಜ. ಅಂಥ ವಾರಗಳಲ್ಲಿ ಸಿನಿಮಾವನ್ನೇ ಹಾಕಬೇಡಿ. ಅರೆಮನಸ್ಸಿನಲ್ಲಿ ನೋಡಿ ಅರ್ಧಕ್ಕೆ ಬಿಟ್ಟರೆ ಬಿಟ್ಟೇಳುವ ರೂಢಿಯೇ ಗಟ್ಟಿಯಾಗುತ್ತದೆ. ಬಿಡುವಾದ ಮೇಲೆ ಎರಡನೇ ವಾರದ ಹಂತದಿಂದ, ಇಂಟರ್ವಲ್ ತನಕ ಎನ್ನುವಲ್ಲಿಂದ, ಮತ್ತೆ ಹಿಡಿಯಿರಿ. ಮೊದಲ ಸಲದಷ್ಟು ದಿನ ಬೇಕಾಗುವುದಿಲ್ಲ.

ಆರು ವಾರ ಸರಿಯಾಗಿ ಮಾಡಿಯೂ ಏನೂ ಬದಲಾಗದಿದ್ದರೆ ಒಂದನೇ ಹಂತಕ್ಕೆ ಹೋಗಿ, ನೋಟ್‌ಬುಕ್ಕನ್ನೂ ತೆಗೆದುಕೊಂಡು ವೈದ್ಯರನ್ನು ಕಾಣಿ. ಅದರಲ್ಲಿ ಟೈಮ್ ಸಮೇತ ಬರೆದಿರುವ ಗೆರೆಗಳು ಅವರಿಗೂ ಉಪಯೋಗಕ್ಕೆ ಬರುತ್ತವೆ.